ಡೆತ್ ವ್ಯಾಲಿಯ ಅಂಚಿನಲ್ಲಿ ಪೋಸ್ಟರ್ ಅಂಟಿಸುತ್ತಾ: ನನ್ನ ಅನುಭವ

ನಾನು ಅಂಟಿಸಿದ ಮೊದಲ ಪೋಸ್ಟರ್ ಕೆಲವೇ ವಾರಗಳಲ್ಲಿ ನೀಲಿಯಾಗಿತ್ತು. ಕಾಣೆಯಾದವರ ಮುಖ, ತಲೆಯ ಮೇಲಿನ ಕೆಂಪು ಟೋಪಿ, ಹಿಂದಿನ ಬಂಡೆ, ಎಲ್ಲ ಒಂದೇ ಮಸುಕು ನೀಲಿ. ಮನೆಯ ಇಂಕ್‌ಜೆಟ್ ಪ್ರಿಂಟರಿನ ಹಳದಿ, ಕೆಂಪು ಬಣ್ಣಗಳನ್ನು ಬಿಸಿಲು ಮೊದಲು ತಿನ್ನುತ್ತದೆ ಅಂತ ಆಗ ಗೊತ್ತಿರಲಿಲ್ಲ. ಟೋಪಿಯ ಬಣ್ಣವನ್ನು ಅಕ್ಷರದಲ್ಲಿ ಬರೆದಿರಲೂ ಇಲ್ಲ. ಫೋಟೋದಲ್ಲೇ ಕಾಣುತ್ತದಲ್ಲ ಅಂದುಕೊಂಡಿದ್ದೆ.

ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ಕೆಲವು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ. ಹುಡುಕುವುದು ಷೆರಿಫ್ ಕಚೇರಿಯವರ (ಅಲ್ಲಿನ ಜಿಲ್ಲಾ ಪೊಲೀಸರ), ಉದ್ಯಾನದ ರೇಂಜರ್‌ಗಳ, ತರಬೇತಿ ಪಡೆದ ತಂಡಗಳ ಕೆಲಸ. ಹುಡುಕಾಟ ನಿಂತ ಮೇಲೂ ಸುದ್ದಿ ನಿಲ್ಲದ ಹಾಗೆ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದದ್ದು.

ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನವೊಂದೇ 13,000 ಚದರ ಕಿಲೋಮೀಟರಿಗಿಂತ ದೊಡ್ಡದು. ನಮ್ಮ ಕೊಡಗಿನ ಮೂರು ಪಟ್ಟಿಗಿಂತ ಜಾಸ್ತಿ. ಹೆದ್ದಾರಿಯಲ್ಲಿರುವ ಬೇಕರ್ ಎಂಬ ಊರಲ್ಲಿ 134 ಅಡಿ ಎತ್ತರದ ಥರ್ಮಾಮೀಟರ್ ನಿಲ್ಲಿಸಿದ್ದಾರೆ. 1913ರ ಜುಲೈನಲ್ಲಿ ಡೆತ್ ವ್ಯಾಲಿಯಲ್ಲಿ ದಾಖಲಾದ 134 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 56.7 ಸೆಲ್ಸಿಯಸ್, ಅದರ ಲೆಕ್ಕ. ಅಲ್ಲಿಂದ ಉತ್ತರಕ್ಕೆ 127ನೇ ರಸ್ತೆ ಹಿಡಿದರೆ ಬಹುಪಾಲು ದಾರಿಗೆ ಫೋನ್ ಸಿಗ್ನಲ್ ಇಲ್ಲ. ನನ್ನ ಮೊದಲ ಪೋಸ್ಟರಿನಲ್ಲಿ ದೊಡ್ಡದಾಗಿ ಒಂದು ಕ್ಯೂಆರ್ ಕೋಡ್ ಇತ್ತು, 'ಪೂರ್ತಿ ವಿವರಕ್ಕೆ ಸ್ಕ್ಯಾನ್ ಮಾಡಿ' ಅಂತ. ಸಿಗ್ನಲ್ಲೇ ಇಲ್ಲದ ಜಾಗದಲ್ಲಿ ಅದರಿಂದ ಯಾರಿಗೆ ಏನು ಪ್ರಯೋಜನ, ಅಲ್ವಾ? ಈಗ ಹೇಳಬೇಕಾದದ್ದೆಲ್ಲ ಕಾಗದದ ಮೇಲೇ ಇರುತ್ತದೆ.

ಈಗ ಲೇಸರ್ ಪ್ರಿಂಟ್ ಮಾತ್ರ ಬಳಸುತ್ತೇನೆ. ದಪ್ಪ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಬಾಯಿ ಕೆಳಗೆ ಬರುವ ಹಾಗೆ ನಾಲ್ಕು ಮೂಲೆಗೂ ಪಿನ್ ಹೊಡೆಯುತ್ತೇನೆ. ಸೆಲ್ಲೋಟೇಪ್ ಅಲ್ಲಿನ ಬಿಸಿಲಿಗೆ ಕರಗಿ ಜಾರುತ್ತದೆ. ಅಂಟಿಸಿದ ತಾರೀಖನ್ನು ಮೂಲೆಯಲ್ಲಿ ಬರೆಯುತ್ತೇನೆ. ತಾರೀಖಿಲ್ಲದ ಪೋಸ್ಟರ್ ನೋಡಿದವರು ಹಳೇದು ಅಂತ ಸುಮ್ನೆ ಮುಂದೆ ಹೋಗುತ್ತಾರೆ.

ಫೋಟೋ ವಿಷಯದಲ್ಲಿ ಮನೆಯವರ ಜೊತೆ ಜಾಸ್ತಿ ಹೊತ್ತು ಕೂರುತ್ತೇನೆ. ಅವರು ಕೊಡುವುದು ಚೆನ್ನಾಗಿ ಬಂದ ಫೋಟೋ, ಮದುವೆಯದು, ಹುಟ್ಟುಹಬ್ಬದ್ದು. ಅದು ಅವರ ಪ್ರೀತಿ, ತಪ್ಪು ಅನ್ನಲಾರೆ. ಆದರೆ ಮರುಭೂಮಿಯಲ್ಲಿ ನಡೆಯುವವರ ಕಣ್ಣಿಗೆ ಮುಖಕ್ಕಿಂತ ಮೊದಲು ಬೀಳುವುದು ವಸ್ತು. ಬೂಟಿನ ಅಡಿಯ ಅಚ್ಚು, ಚೀಲದ ಬಣ್ಣ, ನೀರಿನ ಬಾಟಲಿ. ಅದೇ ಮಾದರಿಯ ಬೂಟು ಅಂಗಡಿಯಲ್ಲಿದ್ದರೆ ಅದರ ಅಡಿಯ ಫೋಟೋ ತೆಗೆದು ಹಾಕುತ್ತೇನೆ. ಏನನ್ನು ಬಹಿರಂಗ ಮಾಡಬಹುದು ಅಂತ ತನಿಖೆಯವರನ್ನು ಮೊದಲೇ ಕೇಳಿಕೊಳ್ಳುತ್ತೇನೆ.

ಮನೆಯವರ ಫೋನ್ ನಂಬರ್ ಮಾತ್ರ ಹಾಕುವುದಿಲ್ಲ. ಒಮ್ಮೆ ಹಾಕಿದ್ದೆ. 'ನಿಮ್ಮವರು ನಮ್ಮ ಹತ್ತಿರ ಇದ್ದಾರೆ, ದುಡ್ಡು ಕಳಿಸಿ' ಅಂತ ಯಾರೋ ಫೋನ್ ಮಾಡಿದರು. ಅದೆಲ್ಲ ಸುಳ್ಳು. ಆ ತಾಯಿ ಮೂರು ದಿನ ನಿದ್ದೆ ಮಾಡಲಿಲ್ಲ. ಅವತ್ತಿನಿಂದ ಷೆರಿಫ್ ಕಚೇರಿಯ ನಂಬರ್, ಕೇಸ್ ನಂಬರ್, ಅಷ್ಟೇ.

ದೂರಿನ ವಿಷಯವೂ ಹೇಳಬೇಕು. ಒಂದು ಕುಟುಂಬಕ್ಕೆ ಒಂದು ಪೊಲೀಸ್ ಕಚೇರಿಯಲ್ಲಿ, ದೂರು ಕೊಡಲು 24 ಗಂಟೆ ಕಾಯಿರಿ ಅಂದಿದ್ದರು. ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ಹಾಗೆ ಕಾಯಿಸುವಂತಿಲ್ಲ. ಫೋನಿನಲ್ಲಿ ಕೊಟ್ಟ ದೂರನ್ನೂ ತಡಮಾಡದೆ ತೆಗೆದುಕೊಳ್ಳಬೇಕು. ಬೇಸಿಗೆಯ ಆ ಬಿಸಿಲಿನಲ್ಲಿ ಒಂದು ದಿನ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದ ನ್ಯಾಯ ಇಲಾಖೆಯ ನೇಮ್‌ಅಸ್ (NamUs) ಎಂಬ, ಕಾಣೆಯಾದವರ ದಾಖಲೆಯಲ್ಲೂ ಹೆಸರು ಸೇರಿಸಲು ಮನೆಯವರಿಗೆ ನೆರವಾಗುತ್ತೇನೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಪೊಲೀಸರು ಖಚಿತಪಡಿಸಿದ ಮೇಲೆ ಅದು ಎಲ್ಲರಿಗೂ ಕಾಣುತ್ತದೆ.

ಇಷ್ಟೆಲ್ಲದರಲ್ಲಿ ನಾನು ತಡವಾಗಿ ಕಲಿತದ್ದು ಕಾಲದ ಲೆಕ್ಕ. ಜನ ಕಾಣೆಯಾದ ವಾರ ಎಲ್ಲರೂ ಸುದ್ದಿ ಹಂಚುತ್ತಾರೆ. ಅದು ಜೂನ್ ಆಗಿದ್ದರೆ ಆ ಕಣಿವೆಯಲ್ಲಿ ನಡೆದಾಡಲು ಹೆಚ್ಚು ಜನ ಇಳಿಯುವುದಿಲ್ಲ, ಇಳಿಯಲೂಬಾರದು. ಹಾಗಾಗಿ ಬೇಸಿಗೆಯ ಪೋಸ್ಟರಿನಲ್ಲಿ 'ಹುಡುಕಲು ಬನ್ನಿ' ಅಂತ ಎಂದೂ ಬರೆಯುವುದಿಲ್ಲ. ಕಲ್ಲು ಆಯುವವರು, ಜೀಪಿನವರು, ಹಳೆಯ ಗಣಿ ನೋಡುವವರು, ಟೆಕೋಪಾದ ಬಿಸಿನೀರಿನ ಬುಗ್ಗೆಗೆ ಬಂದು ವಾರಗಟ್ಟಲೆ ಉಳಿಯುವ ಹಿರಿಯರು, ಇವರೆಲ್ಲ ಬರುವುದು ನವೆಂಬರ್ ಆಮೇಲೆ. ಅಷ್ಟರಲ್ಲಿ ಸುದ್ದಿ ಸತ್ತಿರುತ್ತದೆ. ನಾನು ದೊಡ್ಡ ಸುತ್ತು ಹೋಗುವುದು ಆಗಲೇ. ಬೇಕರಿನ ಪೆಟ್ರೋಲ್ ಬಂಕ್‌ಗಳು, ಶೋಶೋನ್, ಟೆಕೋಪಾ, ಗಡಿ ದಾಟಿ ನೆವಾಡಾದ ಪಾರಂಪ್, ಬೀಟಿ. ಪ್ರತಿ ಕಡೆ ಕೇಳಿಯೇ ಅಂಟಿಸಬೇಕು. ಉದ್ಯಾನದೊಳಗಿನ ಬೋರ್ಡಿಗೆ ರೇಂಜರ್‌ಗಳ ಒಪ್ಪಿಗೆ ಬೇಕು.

ತುಂಬ ತಡವಾಯಿತು ಅನ್ನುವವರಿಗೆ ಒಂದು ಹಳೆಯ ಸಂಗತಿ ಹೇಳುತ್ತೇನೆ. 1996ರಲ್ಲಿ ಜರ್ಮನಿಯ ನಾಲ್ವರ ಕುಟುಂಬ ಡೆತ್ ವ್ಯಾಲಿಯಲ್ಲಿ ಕಾಣೆಯಾಯಿತು. ಅವರ ವ್ಯಾನ್ ಅದೇ ವರ್ಷ ಆನ್ವಿಲ್ ಕಣಿವೆಯಲ್ಲಿ ಸಿಕ್ಕಿತು. ಅವರಲ್ಲಿ ದೊಡ್ಡವರದ್ದೆಂದು ನಂಬಲಾದ ಎಲುಬುಗಳು ಸಿಕ್ಕಿದ್ದು 2009ರಲ್ಲಿ, ಬಿಡದೆ ಹುಡುಕಿದ ಇಬ್ಬರು ಸ್ವಯಂಸೇವಕರಿಗೆ.

ಕೆಂಪು ಟೋಪಿಯವರ ವಿಷಯಕ್ಕೆ ಬರುತ್ತೇನೆ. ಪೋಸ್ಟರ್ ನೀಲಿಯಾದದ್ದನ್ನು ನೋಡಿದ ಮೇಲೆ ಹೊಸದರಲ್ಲಿ ಒಂದು ಸಾಲು ಸೇರಿಸಿದ್ದೆ: 'ಕೆಂಪು ಟೋಪಿ. ಬಿಸಿಲಿಗೆ ಈಗ ಬಿಳಿಚಿಕೊಂಡಿರಬಹುದು.' ಕೆಳಗೆ, 'ಏನಾದರೂ ಕಂಡರೆ ಮುಟ್ಟಬೇಡಿ. ಫೋಟೋ ತೆಗೆಯಿರಿ. ಸಿಗ್ನಲ್ ಇಲ್ಲದಿದ್ದರೂ ಫೋನಿನ ಜಿಪಿಎಸ್ ಜಾಗ ತೋರಿಸುತ್ತದೆ, ಬರೆದುಕೊಳ್ಳಿ.' ಡಿಸೆಂಬರಿನಲ್ಲಿ ಕಲ್ಲು ಆಯುವ ಒಬ್ಬರು ಅದನ್ನು ಓದಿದ್ದರು. ಎರಡು ದಿನದ ನಂತರ ಒಣಹಳ್ಳವೊಂದರಲ್ಲಿ, ಪೊದೆಯ ಬುಡಕ್ಕೆ ಸಿಕ್ಕಿಕೊಂಡ ಬಟ್ಟೆಯ ತುಂಡು ಕಂಡಿತು. ಹೆಚ್ಚುಕಡಿಮೆ ಬಿಳಿ. ಅಂಚಿನ ಮಡಿಕೆಯೊಳಗೆ ಮಾತ್ರ ಸ್ವಲ್ಪ ಕೆಂಪು ಉಳಿದಿತ್ತು. ಅವರು ಮುಟ್ಟಲಿಲ್ಲ. ಮಳೆಯ ನೀರು ಟೋಪಿಯನ್ನು ಕೆಳಗೆ ತಂದಿತ್ತು. ಷೆರಿಫ್ ಕಚೇರಿಯ ತಂಡ ಹಳ್ಳದಲ್ಲೇ ಮೇಲೆ ನಡೆದು ಹೋಯಿತು. ಅಲ್ಲಿ ಕೆಂಪು ಟೋಪಿಯವರು ಸಿಕ್ಕರು.

ಅವರ ಅಕ್ಕ ಜನವರಿಯಲ್ಲಿ ಬಂದರು. ಪೋಸ್ಟರ್‌ಗಳನ್ನು ತೆಗೆಯಲು ನಾನೂ ಬರುತ್ತೇನೆ ಅಂದರು. ಬೇಕರಿನಿಂದ ಶುರುಮಾಡಿ ಒಂದೊಂದೇ ಬಿಚ್ಚಿದೆವು. ಪಿನ್‌ಗಳನ್ನು ಅವರು ಬಿಡಿಸುತ್ತಿದ್ದರು, ಕಾಗದವನ್ನು ನಾನು ಹಿಡಿದುಕೊಳ್ಳುತ್ತಿದ್ದೆ. ಶೋಶೋನಿನಲ್ಲಿ ಕೊನೆಯದು ತೆಗೆದಾಗ ಪಕ್ಕದಲ್ಲೇ ಇನ್ನೊಬ್ಬರ ಪೋಸ್ಟರ್ ಇತ್ತು, ಒಂದು ಮೂಲೆ ಕಿತ್ತು ಗಾಳಿಗೆ ಹಾರುತ್ತಿತ್ತು. ಅವರು ಕೈಯಲ್ಲಿದ್ದ ಪಿನ್ ತೆಗೆದು ಅದಕ್ಕೆ ಒತ್ತಿದರು.