7ರಿಂದ 85ಕ್ಕೆ ಒಂದೇ ಡೈನಮೋಮೀಟರ್: ಮುಷ್ಟಿಬಲ ಅಳೆದ ನನ್ನ ಅನುಭವ

7 ವರ್ಷದ ಮಕ್ಕಳಿಂದ 85 ದಾಟಿದವರವರೆಗೆ ಎಲ್ಲರ ಮುಷ್ಟಿಬಲವನ್ನೂ ಹಿಡಿಕೆ ಅಮುಕಿದರೆ ಎಣ್ಣೆಯ ಒತ್ತಡದಿಂದ ಡಯಲಿನ ಮುಳ್ಳು ಏರುವ ಒಂದೇ ಹೈಡ್ರಾಲಿಕ್ ಡೈನಮೋಮೀಟರ್‌ನಲ್ಲಿ ಅಳೆದು, ವಯಸ್ಸಿನ ಜೊತೆ ಬಲ ಹೇಗೆ ಏರಿಳಿಯುತ್ತದೆ ಅನ್ನುವ ಗೆರೆ ಎಳೆಯುತ್ತೇನೆ ಅಂದಾಗ ಈ ಕಸುಬಿನವರು ಒಬ್ಬರೂ ಹೂಂ ಅನ್ನಲಿಲ್ಲ. ಮಕ್ಕಳಿಗೆ ಬೇರೆ ಉಪಕರಣ ಬೇಕು, ಸಂಧಿವಾತದ ಕೈಗೆ ಹಿಂಡಿ ಅಳೆಯುವ ರಬ್ಬರ್ ಬಲ್ಬ್ ಬೇಕು, ಇಷ್ಟು ಸಣ್ಣ ತಂಡ ಅಳೆದರೆ ಗೆರೆ ಬರುವುದಿಲ್ಲ, ಗುಡ್ಡ ಹಳ್ಳ ಬರುತ್ತದೆ ಅಂದರು. ಮೊದಲ ಸುತ್ತಿನಲ್ಲಿ ಬಂದದ್ದು ಗುಡ್ಡ ಹಳ್ಳವೇ: ಮೂವತ್ತರವರಿಗಿಂತ ಐವತ್ತರವರು ಗಟ್ಟಿ, ಅರವತ್ತೈದಕ್ಕೆ ದಿಢೀರ್ ಪ್ರಪಾತ. ಮೂರನೇ ಸುತ್ತಿಗೆ ಗೆರೆ ನೆಟ್ಟಗಾಯಿತು. 2014ರಲ್ಲಿ ಬ್ರಿಟನ್ನಿನ 12 ಅಧ್ಯಯನಗಳನ್ನು ಒಟ್ಟು ಮಾಡಿದ ಪಟ್ಟಿ ಬಂದಿತ್ತಲ್ಲ, ಗಂಡಸರ ಮಧ್ಯಾಂಕ (ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬರುವ ಅಂಕಿ) 29ರಿಂದ 39ರ ವಯಸ್ಸಿನ ನಡುವೆ 51 ಕಿಲೋ, ಹೆಂಗಸರದ್ದು 26ರಿಂದ 42ರ ನಡುವೆ 31 ಕಿಲೋ ಅಂತ? ನನ್ನ ಅಂಕಿಗಳು ಎರಡಕ್ಕೂ ಸ್ವಲ್ಪ ಕೆಳಗಿವೆ, ಆದರೆ ಏರು, ಸಮತಟ್ಟು, ಇಳಿಜಾರು ಮೂರೂ ಅದೇ ಜಾಗದಲ್ಲಿ ಬಿದ್ದಿವೆ. ಇಲ್ಲಿನ ಸ್ವಂತ ಅಂಕಿಗಳನ್ನೆಲ್ಲ ನೆನಪಿನಿಂದ ಬರೆಯುತ್ತಿದ್ದೇನೆ, ಅರ್ಧ ಕಿಲೋ ಆಚೀಚೆ ಇರಬಹುದು.

ಮೊದಲು ಕೈ ಕೊಟ್ಟದ್ದು ಉಪಕರಣ. ಸೆಕೆಂಡ್ ಹ್ಯಾಂಡ್ ಜಾಮರ್ (ಇಂಥ ಡೈನಮೋಮೀಟರಿನ ಒಂದು ಬ್ರಾಂಡ್), ಮುಳ್ಳು ಸೊನ್ನೆಗೆ ಬಂದು ನಿಲ್ಲುತ್ತಿತ್ತು, ಹಾಗಾಗಿ ನಂಬಿದೆ. ಬೆಳಗಿನ ಹೊತ್ತಿಗೆ ಸರಿ ಇದ್ದದ್ದು ಇಪ್ಪತ್ತು ಮೂವತ್ತು ಜನರ ನಂತರ ಎಲ್ಲರಿಗೂ 3 ಕಿಲೋ ಕಡಿಮೆ ತೋರಿಸುತ್ತಿತ್ತು. ಹಿರಿಯರ ಸರದಿ ಯಾವಾಗಲೂ ಕೊನೆಗೆ ಇಟ್ಟಿದ್ದೆ. ಪ್ರಪಾತದ ಅರ್ಧ ಅಲ್ಲೇ ಹುಟ್ಟಿತ್ತು. ಸೀಲು ಜಿನುಗುತ್ತಿದ್ದರೆ ಡಯಲ್ ನೋಡಿ ಗೊತ್ತಾಗುವುದಿಲ್ಲ, ಹಿಡಿಕೆಯಲ್ಲಿ ಗೊತ್ತಾಗುತ್ತದೆ. ಸರಿ ಇರುವ ಹಿಡಿಕೆ ಅಮುಕಿದರೆ ಕಲ್ಲಿನ ಹಾಗೆ ನಿಲ್ಲಬೇಕು. ಸ್ವಲ್ಪವಾದರೂ ಒಳಗೆ ಸರಿದು ಆಮೇಲೆ ಗಟ್ಟಿಯಾದರೆ ಎಣ್ಣೆ ಕಡಿಮೆ ಇದೆ ಅಂತಲೇ ಅರ್ಥ. ಎರಡು ಸಲ ಸೀಲು ಬದಲಿಸಿದೆ, ಎರಡೂ ಸಲ ಕೆಲವೇ ತಿಂಗಳು ಬಾಳಿತು. ಹಳೆಯದು ಕೊಂಡ ದುಡ್ಡಿಗೆ ಎರಡು ರಿಪೇರಿ ಸೇರಿಸಿದರೆ ಹೊಸದರ ಬೆಲೆಗೆ ಕೂದಲೆಳೆಯಷ್ಟೇ ಕಡಿಮೆ. ಕೊನೆಗೆ ಹೊಸದೇ ಕೊಂಡೆ. ಉಳಿತಾಯ ಮಾಡಬೇಕಾದ್ದು ಅಲ್ಲಲ್ಲ, ಕ್ಯಾಲಿಬ್ರೇಶನ್‌ನಲ್ಲಿ. ವರ್ಷಕ್ಕೊಮ್ಮೆ ಸರ್ಟಿಫಿಕೇಟ್ ಮಾಡಿಸಿದರೆ ಆ ಒಂದು ದಿನಕ್ಕೆ ಮಾತ್ರ ಭರವಸೆ. ನಾನು ವಾರಕ್ಕೊಮ್ಮೆ ತೂಕ ತೂಗಿಹಾಕಿ ನೋಡುತ್ತೇನೆ, ಅದಕ್ಕೆ ಬಿಡಿಗಾಸೂ ಖರ್ಚಿಲ್ಲ.

ಇದನ್ನು ಅವಸರದಲ್ಲಿ ಮಾಡಿದರೆ ಕೆಡುತ್ತದೆ. ಡೈನಮೋಮೀಟರನ್ನು ಹಿಡಿಕೆ ಕೆಳಗೆ ಬರುವಂತೆ ಕ್ಲಾಂಪಿನಲ್ಲಿ ಬಿಗಿಯಬೇಕು. ಹಿಡಿಕೆಯ ನಟ್ಟನಡುವೆ ಎರಡು ಬೆರಳು ಅಗಲದ ಪಟ್ಟಿ, ಪಟ್ಟಿಗೆ ತೂಕ. ಪಟ್ಟಿ ಒಂದು ಬದಿಗೆ ಜರುಗಿದರೆ ಹಿಡಿಕೆ ಓರೆಯಾಗಿ ಅಂಕಿ ತಪ್ಪುತ್ತದೆ. ಜಿಮ್ ಪ್ಲೇಟಿನ ಮೇಲೆ ಬರೆದ ತೂಕವನ್ನು ನಂಬಬೇಡಿ, 10 ಕಿಲೋ ಅಂತ ಇದ್ದದ್ದು ನನ್ನಲ್ಲಿ 9.6 ಇತ್ತು. ನೀರಿನ ಕ್ಯಾನ್ ವಾಸಿ: 20 ಲೀಟರಿಗೆ 20 ಕಿಲೋ, ಕ್ಯಾನಿನ ತೂಕ ಬೇರೆ, ಒಟ್ಟನ್ನು ಒಳ್ಳೆಯ ತಕ್ಕಡಿಯಲ್ಲಿ ಒಮ್ಮೆ ನೋಡಿಕೊಂಡರೆ ಆಯಿತು. 5, 10, 20, 30, 40 ಹೀಗೆ ಏರಿಸುತ್ತೇನೆ. ತೂಕವನ್ನು ಉಸಿರು ಬಿಗಿಹಿಡಿದು ನಿಧಾನಕ್ಕೆ ಇಳಿಬಿಡಬೇಕು. ಜೋಲಿ ಹೊಡೆದರೆ ಗರಿಷ್ಠ ಹಿಡಿದಿಡುವ ಮುಳ್ಳು ಆ ಜೋಲಿಯನ್ನೇ ಹಿಡಿದಿಡುತ್ತದೆ, 20ಕ್ಕೆ 23 ತೋರಿಸಿ ನಿಮ್ಮನ್ನು ಗಾಬರಿ ಮಾಡುತ್ತದೆ. ಪ್ರತಿ ಸಲ ಆ ಮುಳ್ಳನ್ನು ಸೊನ್ನೆಗೆ ತಂದು, ಡಯಲನ್ನು ಬೆರಳಿನಿಂದ ಒಂದು ಸಲ ತಟ್ಟಿ, ಕಣ್ಣನ್ನು ನೇರಕ್ಕೆ ಇಟ್ಟು ಓದಬೇಕು. ಗೆರೆಗಳು 2 ಕಿಲೋಗೊಂದು, ನಡುವೆ ಅಂದಾಜಿನಲ್ಲಿ 1 ಕಿಲೋವರೆಗೆ ಓದಬಹುದು, ಅದಕ್ಕಿಂತ ಸೂಕ್ಷ್ಮ ಓದಿದೆ ಅನ್ನುವವರನ್ನು ನಾನು ನಂಬುವುದಿಲ್ಲ. 20ರಲ್ಲಿ 1 ಕಿಲೋಗಿಂತ ಹೆಚ್ಚು ತಪ್ಪಿದರೆ ಆ ವಾರದ ಪಟ್ಟಿಯನ್ನೇ ಪಕ್ಕಕ್ಕಿಡುತ್ತೇನೆ. ಹೊಟ್ಟೆ ಉರಿದರೂ ಇಡಲೇಬೇಕು.

ಹಿಡಿಕೆಯ ಸ್ಥಾನದ್ದು ಇದಕ್ಕಿಂತ ದೊಡ್ಡ ಜಗಳ. ಐದು ಸ್ಥಾನಗಳಲ್ಲಿ ಎರಡನೆಯದು, ಸುಮಾರು 48 ಮಿಲಿಮೀಟರಿನದು, ಎಲ್ಲರಿಗೂ ಅನ್ನುವುದು ರೂಢಿ. ದೊಡ್ಡವರಿಗೆ ಸರಿ. 8 ವರ್ಷದ ಮಗುವಿಗೆ ಆ ಅಗಲ ಕೊಟ್ಟರೆ ಬೆರಳ ತುದಿಗಳಷ್ಟೇ ಹಿಡಿಕೆಗೆ ತಾಗುತ್ತವೆ, ನೀವು ಅಳೆಯುವುದು ಕೈಯ ಗಾತ್ರವನ್ನು, ಬಲವನ್ನಲ್ಲ. ಮೊದಲನೆಯ ಸ್ಥಾನಕ್ಕೆ, ಅಂದರೆ ಸುಮಾರು 35 ಮಿಲಿಮೀಟರಿಗೆ, ಇಳಿಸಿದರೆ ಮಕ್ಕಳ ಅಂಕಿ ಸರಿಹೋಗುತ್ತದೆ, ಆದರೆ ಸ್ಥಾನ ಬದಲಾಯಿಸಿದ ವಯಸ್ಸಿನಲ್ಲಿ ಗೆರೆಗೆ ಒಂದು ಮೆಟ್ಟಿಲು ಬೀಳುತ್ತದೆ. ‘ಇದು ಆಗುವ ಕೆಲಸ ಅಲ್ಲ’ ಅಂತ ಎಲ್ಲರೂ ಬೆರಳು ತೋರಿಸಿದ್ದು ಈ ಮೆಟ್ಟಿಲಿಗೇ. 10ರಿಂದ 14 ವರ್ಷದವರನ್ನೆಲ್ಲ ಎರಡೂ ಸ್ಥಾನದಲ್ಲಿ ಅಳೆದೆ, ಯಾವುದು ಮೊದಲು ಅನ್ನುವುದನ್ನು ನಾಣ್ಯ ಚಿಮ್ಮಿಸಿ ತೀರ್ಮಾನಿಸಿದೆ. ವ್ಯತ್ಯಾಸ ಹೆಚ್ಚೆಂದರೆ ಒಂದೂವರೆ ಕಿಲೋ, ಮತ್ತೆ ಅದು ವಯಸ್ಸಿನ ಜೊತೆ ಹೋಗುತ್ತಿರಲಿಲ್ಲ, ಕೈಯ ಉದ್ದದ ಜೊತೆ ಹೋಗುತ್ತಿತ್ತು. ಅಲ್ಲಿಂದ ವಯಸ್ಸು ನೋಡಿ ಸ್ಥಾನ ಬದಲಿಸುವುದನ್ನು ಬಿಟ್ಟೆ. ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಯವರೆಗೆ ಅಳೆದು, ಇಷ್ಟಕ್ಕಿಂತ ಕಡಿಮೆ ಇದ್ದರೆ ಒಂದನೆಯದು, ಹೆಚ್ಚಿದ್ದರೆ ಎರಡನೆಯದು. ಆ ‘ಇಷ್ಟು’ ಎಷ್ಟು ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಅದಕ್ಕೆ ಒಂದು ಇಡೀ ಸುತ್ತಿನ ಶ್ರಮ ಹೋಗಿದೆ. ಎರಡೂ ಸ್ಥಾನದಲ್ಲಿ ಅಳೆದರೆ ನಿಮಗೂ ಸಿಗುತ್ತದೆ. ಇನ್ನೊಂದು ಎಡವಟ್ಟು: ಸ್ಥಾನ ಬದಲಿಸಿದಾಗ ಹಿಡಿಕೆಯನ್ನು ತಿರುಗಿಸಿ ಕೂರಿಸುವುದು. ನೋಡಲು ಸರಿಯಾಗಿಯೇ ಕೂತಿರುತ್ತದೆ, ಅಂಕಿ ಮಾತ್ರ ಸುಳ್ಳು. ಕ್ಲಿಪ್ ಇರುವ ಬದಿಗೆ ಬಣ್ಣದ ಟೇಪು ಸುತ್ತಿಬಿಡಿ.

ಕುಳಿತು, ಮೊಣಕೈ 90 ಡಿಗ್ರಿ, ಮುಂಗೈ ನೇರ, ಇದೆಲ್ಲ ನಿಮಗೆ ಗೊತ್ತಿರುವುದೇ. ಕೆಡುವುದು ಮಾತಿನಲ್ಲಿ. ಅಳೆಯುತ್ತಿದ್ದವರು ಇಬ್ಬರು, ಒಬ್ಬರು ‘ಹಿಡೀರಿ’ ಅಂತ ಮೆತ್ತಗೆ ಹೇಳಿ ಸುಮ್ಮನಾಗುತ್ತಿದ್ದರು, ಇನ್ನೊಬ್ಬರು ಕಿವಿಯ ಹತ್ತಿರ ಕೂಗುತ್ತಿದ್ದರು. ಐವತ್ತರವರು ಮೂವತ್ತರವರನ್ನು ಸೋಲಿಸಿದ್ದು ಆ ಕೂಗಿನಿಂದ. ಈಗ ಎಲ್ಲರಿಗೂ ಒಂದೇ ಧ್ವನಿಮುದ್ರಿತ ಆದೇಶ: ‘ಹಿಡಿ, ಹಿಡಿ, ಇನ್ನೂ ಹಿಡಿ, ಬಿಡು’. ಉಸಿರು ಬಿಗಿಹಿಡಿಯಬಾರದು, ಹಿರಿಯರಲ್ಲಿ ರಕ್ತದೊತ್ತಡ ಏರುತ್ತದೆ. ಹಾಗಾಗಿ ಹಿಡಿಯುತ್ತಾ ಉಸಿರು ಬಿಡಲು ಮೊದಲೇ ಹೇಳಿಕೊಡುತ್ತೇನೆ. ಪ್ರತಿ ಕೈಗೆ ಮೂರು ಸಲ, ಕೈ ಬದಲಿಸುತ್ತಾ, ಅದೇ ಕೈಗೆ ಒಂದು ನಿಮಿಷದ ಬಿಡುವು. ಆರರಲ್ಲಿ ಅತಿ ಹೆಚ್ಚಿನದು ಲೆಕ್ಕಕ್ಕೆ. ಹಳೆಯ ಪಟ್ಟಿಗಳು ಮೂರರ ಸರಾಸರಿ ಹಿಡಿದಿವೆ, ಅವನ್ನು ಇದರ ಪಕ್ಕ ಇಟ್ಟು ನೋಡಬೇಡಿ, ಒಂದೆರಡು ಕಿಲೋ ಸುಮ್ಮನೆ ‘ಗಳಿಸಿ’ಬಿಡುತ್ತೀರಿ. ಹದಿಹರೆಯದ ಹುಡುಗರದ್ದು ಬೇರೆ ತಲೆನೋವು. ಡಯಲ್ ಕಂಡರೆ ಪಂದ್ಯವಾಗುತ್ತದೆ, ಮೊಣಕೈ ಪಕ್ಕೆಗೆ ಒತ್ತಿ ಮೈಯೆಲ್ಲ ಬಾಗಿಸುತ್ತಾರೆ. ಡಯಲ್ ನನ್ನ ಕಡೆಗೆ ತಿರುಗಿಸಿದೆ. ಅದೂ ಸಾಲಲಿಲ್ಲ, ಇನ್ನೊಂದು ಉಪಾಯ ಹೂಡಿದ್ದೇನೆ, ಅದನ್ನು ಬರೆದರೆ ಅವರು ಓದಿಬಿಡುತ್ತಾರೆ.

ಪ್ರಪಾತದ ಉಳಿದ ಅರ್ಧ ಎಲ್ಲಿಂದ ಬಂತು ಅನ್ನುವುದು ಒಂದು ಅಡ್ಡ ಪ್ರಯೋಗದಲ್ಲಿ ಸಿಕ್ಕಿತು. ಎಸ್ ಆಕಾರದ 100 ಕಿಲೋ ಲೋಡ್ ಸೆಲ್ (ಬಲವನ್ನು ವಿದ್ಯುತ್ ಸಂಕೇತ ಮಾಡುವ ಭಾಗ), ಎಚ್ಎಕ್ಸ್711 ಬೋರ್ಡು (ಆ ಸಂಕೇತವನ್ನು ಅಂಕಿಯಾಗಿಸುವುದು), ಎರಡು ಅಲ್ಯೂಮಿನಿಯಂ ಪಟ್ಟಿ ಸೇರಿಸಿ ಡಿಜಿಟಲ್ ಒಂದನ್ನು ಕಟ್ಟಿದೆ. ಬೋರ್ಡು ಸೆಕೆಂಡಿಗೆ 10 ಮಾದರಿಯ ಲೆಕ್ಕದಲ್ಲಿ ಇದ್ದಾಗ ಶಿಖರವೇ ತಪ್ಪಿಹೋಗುತ್ತಿತ್ತು. 80ಕ್ಕೆ ಏರಿಸಿದರೆ ಸುಳ್ಳು ಮೊನೆಗಳು. ಕಾಲು ಸೆಕೆಂಡಿನ ಸರಾಸರಿ ತೆಗೆದ ಮೇಲೆ ಹದಕ್ಕೆ ಬಂತು. ಅಳತೆಗೆ ಅದನ್ನು ಬಳಸಲೇ ಇಲ್ಲ, ಕೈಯ ಬಿಸಿಗೆ ಸೊನ್ನೆ ಜರುಗುತ್ತದೆ. ಆದರೆ ಬಲ ಏರುವ ರೀತಿ ಅದರಲ್ಲಿ ಕಂಡಿತು. ಇಪ್ಪತ್ತೈದರವರು ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ಶಿಖರದ ಹತ್ತಿರ ಹೋಗುತ್ತಾರೆ, ಎಪ್ಪತ್ತೈದರವರು ನಿಧಾನಕ್ಕೆ ಹತ್ತುತ್ತಾ ಎರಡು ಸೆಕೆಂಡ್ ದಾಟಿ ಮುಟ್ಟುತ್ತಾರೆ. ವಯಸ್ಸಾದಂತೆ ವೇಗದ ಸ್ನಾಯು ಎಳೆಗಳೂ ಅವನ್ನು ನಡೆಸುವ ನರಕೋಶಗಳೂ ಹೆಚ್ಚು ಕರಗುವುದರಿಂದ ಗರಿಷ್ಠ ಬಲಕ್ಕಿಂತ ಬಲ ಏರುವ ವೇಗ ಮೊದಲು ಕುಸಿಯುತ್ತದೆ. ಮೊದಲ ಸುತ್ತಿನ ಆದೇಶ ಬರೀ ಎರಡು ಸೆಕೆಂಡಿನದು, ಅವರು ಮುಟ್ಟುವ ಮೊದಲೇ ‘ಬಿಡಿ’ ಅಂದಿದ್ದೆವು. ಆದೇಶವನ್ನು ನಾಲ್ಕು ಸೆಕೆಂಡಿಗೆ ಎಳೆದದ್ದೇ ಅರವತ್ತೈದರ ಪ್ರಪಾತ ಇಳಿಜಾರಾಯಿತು.

ನೋವಿನದ್ದು ಬೇರೆಯೇ ಕಾಲಂ. ಹೆಬ್ಬೆರಳ ಬುಡದ ಸಂಧಿ ಸವೆದವರಿಗೆ, ಅದರಲ್ಲೂ ಮುಟ್ಟು ನಿಂತ ನಂತರದ ಹೆಂಗಸರಿಗೆ, ಲೋಹದ ಹಿಡಿಕೆ ಒತ್ತಿದರೆ ಮೊದಲು ನಿಲ್ಲಿಸುವುದು ನೋವು, ಸ್ನಾಯು ಅಲ್ಲ. ಪ್ರತಿ ಸಲ ‘ನೋವಾಯಿತಾ?’ ಅಂತ ಕೇಳಿ ಗುರುತು ಹಾಕಿ, ಗೆರೆಯನ್ನು ಎರಡು ಸಲ ಎಳೆಯುತ್ತೇನೆ, ಅವರನ್ನು ಸೇರಿಸಿ ಒಂದು, ಬಿಟ್ಟು ಒಂದು. ರಬ್ಬರ್ ಬಲ್ಬನ್ನೂ ತರಿಸಿ ನೋಡಿದೆ. ಅದು ಒತ್ತಡವನ್ನು ಕಿಲೋಪ್ಯಾಸ್ಕಲ್‌ನಲ್ಲಿ ಹೇಳುತ್ತದೆ, ಅಂಗೈ ದೊಡ್ಡದಾದಷ್ಟು ಒತ್ತಡ ಬೇರೆ, ಕಿಲೋಗೆ ಪರಿವರ್ತಿಸಲು ಆಗದು. ಪೆಟ್ಟಿಗೆಯಲ್ಲಿ ಬಿದ್ದಿದೆ, ದುಡ್ಡು ದಂಡ. ತೀರ ಕ್ಷೀಣ ಕೈಗಳಲ್ಲಿ ಇನ್ನೊಂದು ತೊಡಕು: ಒಂದೂವರೆ ಎರಡು ಕಿಲೋ ಬಲ ಬೀಳುವವರೆಗೆ ಹೈಡ್ರಾಲಿಕ್ ಮುಳ್ಳು ಅಲುಗುವುದೇ ಇಲ್ಲ. ಅಂಥಲ್ಲಿ ಸೊನ್ನೆ ಬರೆಯಬೇಡಿ, ‘2ಕ್ಕಿಂತ ಕಡಿಮೆ’ ಅಂತ ಬರೆಯಿರಿ.

ನಿಂತು, ಮೊಣಕೈ ನೇರ ಇಟ್ಟು ಅಳೆದದ್ದು ಕುಳಿತು ಅಳೆದದ್ದಕ್ಕಿಂತ ನನ್ನಲ್ಲಿ 1ರಿಂದ 2 ಕಿಲೋ ಹೆಚ್ಚು ಬಂತು. ಬೆಳಗ್ಗೆಗಿಂತ ಮಧ್ಯಾಹ್ನ ಸ್ವಲ್ಪ ಹೆಚ್ಚು. ತಣ್ಣೀರಲ್ಲಿ ಅದ್ದಿದ ಕೈ ಚೆನ್ನಾಗಿಯೇ ಸೋಲುತ್ತದೆ, ಚಳಿಯಿಂದ ಒಳಗೆ ಬಂದವರನ್ನು ಹತ್ತು ನಿಮಿಷ ಕೂರಿಸಿ. ಬಲಗೈ ಶೇ 10ರಷ್ಟು ಹೆಚ್ಚು ಅನ್ನುವ ಹಳೆಯ ಮಾತು ಬಲಗೈಯವರಿಗೆ ಹೆಚ್ಚುಕಡಿಮೆ ನಿಜ, ಎಡಚರಲ್ಲಿ ಎರಡೂ ಕೈ ಸಮಸಮ.

ಲೆಕ್ಕದಲ್ಲಿ ದೊಡ್ಡವರಿಗೆ ಐದೈದು ವರ್ಷದ ಗುಂಪು, ಸರಾಸರಿ ಬದಲು ಮಧ್ಯಾಂಕ. ಹುಡುಗ ಹುಡುಗಿಯರ ಗೆರೆ ಸುಮಾರು 13ರವರೆಗೆ ಕೈಕೈ ಹಿಡಿದು ಹೋಗಿ ಆಮೇಲೆ ಕವಲೊಡೆಯುತ್ತದೆ. ಆ ವಯಸ್ಸಿನಲ್ಲಿ ಎತ್ತರವನ್ನೂ ಬರೆದುಕೊಳ್ಳದಿದ್ದರೆ, ಬೇಗ ಬೆಳೆದವರನ್ನೂ ತಡವಾಗಿ ಬೆಳೆದವರನ್ನೂ ಒಂದೇ ಬುಟ್ಟಿಗೆ ಹಾಕಿದಂತಾಗುತ್ತದೆ. ಹಿರಿಯರಲ್ಲಿ ಇದಕ್ಕಿಂತ ಕಡಿಮೆ ಬಂದರೆ ಸ್ನಾಯು ಕ್ಷೀಣಿಸಿರಬಹುದು ಅನ್ನುವ ಯುರೋಪಿನ 2019ರ ಗಡಿ ಗಂಡಸರಿಗೆ 27, ಹೆಂಗಸರಿಗೆ 16 ಕಿಲೋ, ಏಷ್ಯಾದ್ದು 28 ಮತ್ತು 18. ಸೀಲಿನ ಒಂದು ಜಿನುಗು ಸಾಕು, ಮನುಷ್ಯ ಗಡಿಯ ಆಚೆ ಬೀಳಲು. ವಾರವಾರ ಕ್ಯಾನ್ ತೂಗಿಹಾಕುವುದು ಅದಕ್ಕೇ. ಒಬ್ಬರೇ ವ್ಯಕ್ತಿಯನ್ನು ವರ್ಷ ಬಿಟ್ಟು ಅಳೆದಾಗ 2 ಕಿಲೋ ಇಳಿದರೆ ನಾನು ಏನೂ ಹೇಳುವುದಿಲ್ಲ, ಅಷ್ಟು ಅಳತೆಯಲ್ಲೇ ಆಡುತ್ತದೆ. 5, 6 ಕಿಲೋ ಇಳಿದರೆ ಮಾತ್ರ ಕೂತು ವಿಚಾರಿಸುತ್ತೇನೆ.

80ರ ನಂತರ ಗೆರೆ ಮತ್ತೆ ಸಮತಟ್ಟಾದಂತೆ ಕಂಡಿತ್ತು. ಅಳೆಯುವ ಜಾಗಕ್ಕೆ ನಡೆದು ಬರಬಲ್ಲವರನ್ನಷ್ಟೇ ಅಳೆದರೆ ಇನ್ನೇನು ಕಾಣುತ್ತದೆ? ಉಪಕರಣವನ್ನೇ ಮನೆಗಳಿಗೆ ಹೊತ್ತುಕೊಂಡು ಹೋದ ಮೇಲೆ ಆ ಗುಂಪಿನ ಮಧ್ಯಾಂಕ ಸುಮಾರು 3 ಕಿಲೋ ಇಳಿಯಿತು. ಹಾಸಿಗೆಯ ಅಂಚಲ್ಲಿ ಕೂತವರಿಗೆ ಮೊಣಕೈ ಊರಲು ದಿಂಬು ಕೊಡಬೇಡಿ, ತೋಳಿರುವ ಕುರ್ಚಿಯೊಂದನ್ನು ಜೊತೆಗೇ ಒಯ್ಯಿರಿ. ಡೈನಮೋಮೀಟರಿನ ಭಾರವನ್ನು ಡಯಲಿನ ಕೆಳಗೆ ನಿಮ್ಮ ಅಂಗೈ ಕೊಟ್ಟು ತಡೆಯಿರಿ, ಹಿಡಿಕೆಯನ್ನು ಮಾತ್ರ ಮುಟ್ಟಬೇಡಿ.