ಆಪರೇಷನ್ ನಂತರದ ನಂಜು: ರಕ್ತದ ಕಸುವು ಅಳೆಯುವ ನಮ್ಮ ರೀತಿ

ದೊಡ್ಡ ಆಪರೇಷನ್ ಆದವರ ರಕ್ತದಲ್ಲಿ ನಂಜು ಹುಡುಕುವಾಗ ಮೊದಲ ತೊಡಕು ಎಂದರೆ, ಕತ್ತರಿ ಬಿದ್ದದ್ದಕ್ಕೇ ದೇಹ ನಂಜೇರಿದ ಹಾಗೆ ಆಡುತ್ತದೆ. ಬ್ಯಾಕ್ಟೀರಿಯಾ ಇಲ್ಲದಿದ್ದರೂ ಉರಿಯೂತ ತೋರುವ ಪ್ರೋಟೀನ್ ಸಿಆರ್‌ಪಿ ಎರಡು-ಮೂರನೇ ದಿನ ತುದಿ ಮುಟ್ಟುತ್ತದೆ. ನಂಜಿನ ಇನ್ನೊಂದು ಸೂಚಕ ಪ್ರೊಕ್ಯಾಲ್ಸಿಟೋನಿನ್ ಕೂಡ ಮೊದಲ ಒಂದೆರಡು ದಿನ ಏರುತ್ತದೆ. ಅದಕ್ಕೇ ನಾವು ಉರಿಯೂತ ಎಷ್ಟಿದೆ ಎಂದು ನೋಡುವುದಕ್ಕಿಂತ ಬಿಳಿ ರಕ್ತಕಣಗಳಲ್ಲಿ ಕಸುವು ಉಳಿದಿದೆಯೇ ಎಂದು ನೋಡುತ್ತೇವೆ. ಪರೀಕ್ಷೆಗಳು ಎರಡು: ಮೊನೊಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ಮೇಲಿನ ಎಚ್‌ಎಲ್‌ಎ-ಡಿಆರ್ ಎಂಬ ಪ್ರೋಟೀನಿನ ಎಣಿಕೆ, ಬ್ಯಾಕ್ಟೀರಿಯಾದ ಹೊರಪದರದ ವಸ್ತುವಾದ ಎಲ್‌ಪಿಎಸ್‌ನಿಂದ ಕೆರಳಿಸಿದಾಗ ಹೊರಬರುವ ಉರಿಯೂತದ ಸಂದೇಶ ಪ್ರೋಟೀನ್ ಟಿಎನ್‌ಎಫ್.

ಅನಸ್ತೀಸಿಯಾ ಕೊಡುವ ಮುಂಚೆ ಒಂದು ಸಲ, ಆಮೇಲೆ 1, 3, 5ನೇ ದಿನ ರಕ್ತ ತೆಗೆಯುತ್ತೇವೆ. ಮೊದಲನೆಯದು ತಪ್ಪಿದರೆ ಉಳಿದ ಮೂರೂ ದಂಡ. ಮೊದಲ ದಿನ ಎಚ್‌ಎಲ್‌ಎ-ಡಿಆರ್ ಹೆಚ್ಚುಕಡಿಮೆ ಎಲ್ಲರಲ್ಲೂ ಬೀಳುತ್ತದೆ. ಅದಕ್ಕೆ ಗಾಬರಿ ಬೇಡ. ಬಿದ್ದದ್ದು ಮತ್ತೆ ಏಳುತ್ತಿದೆಯೇ ಎಂಬುದು ಮುಖ್ಯ.

ಬ್ಯಾಕ್ಟೀರಿಯಾದ ಚೂರನ್ನು ಟಿ ಕೋಶಕ್ಕೆ (ನಂಜಿನೊಡನೆ ಹೋರಾಡುವ ಇನ್ನೊಂದು ಬಗೆಯ ಬಿಳಿ ರಕ್ತಕಣ) ಎತ್ತಿ ತೋರಿಸುವ ತಟ್ಟೆ ಈ ಎಚ್‌ಎಲ್‌ಎ-ಡಿಆರ್. ರಕ್ತವನ್ನು ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಇರುವ ಟ್ಯೂಬಿಗೆ ತೆಗೆದ ತಕ್ಷಣ ಐಸ್ ನೀರಿಗೆ ಇಳಿಸಬೇಕು, 4 ಗಂಟೆಯೊಳಗೆ ಬಣ್ಣ (ಹೊಳೆಯುವ ಪ್ರತಿಕಾಯ) ಹಾಕಬೇಕು. ವಾರ್ಡಿನ ಟ್ರೇಯಲ್ಲಿ ಬಿಟ್ಟರೆ ಮೊನೊಸೈಟ್‌ಗಳು ಒಳಗಿದ್ದ ತಟ್ಟೆಗಳನ್ನೂ ಮೇಲ್ಮೈಗೆ ತರುತ್ತವೆ, ಸೋತ ರೋಗಿ ಗಟ್ಟಿಮುಟ್ಟಾಗಿ ಕಾಣುತ್ತಾನೆ. ಈ ಕೆಲಸದಲ್ಲಿ ನಾನು ಕಂಡ ತಪ್ಪು ಫಲಿತಾಂಶಗಳಲ್ಲಿ ಹೆಚ್ಚಿನವು ಯಂತ್ರದ್ದಲ್ಲ, ಲಿಫ್ಟಿಗೆ ಕಾದು ನಿಂತ ಟ್ಯೂಬಿನವು.

50 ಮೈಕ್ರೋಲೀಟರ್ ರಕ್ತಕ್ಕೆ 20 ಮೈಕ್ರೋಲೀಟರ್ ಪ್ರತಿಕಾಯ ಮಿಶ್ರಣ (ಮೊನೊಸೈಟ್ ಗುರುತಿಸುವ ಸಿಡಿ14 ಮತ್ತು ಎಚ್‌ಎಲ್‌ಎ-ಡಿಆರ್), ಕತ್ತಲಲ್ಲಿ 30 ನಿಮಿಷ. ಆಮೇಲೆ ಕೆಂಪುಕಣ ಒಡೆಯುವ ದ್ರಾವಣ 500 ಮೈಕ್ರೋಲೀಟರ್, ಇನ್ನೂ 30 ನಿಮಿಷ. ತೊಳೆಯದೆ ನೇರ ಫ್ಲೋ ಸೈಟೋಮೀಟರಿಗೆ (ಒಂದೊಂದೇ ಕೋಶದ ಹೊಳಪು ಅಳೆಯುವ ಯಂತ್ರ). ಪಿಪೆಟ್ ತುದಿಯ ಹೊರಮೈ ಒರೆಸಿಕೊಂಡು, ರಕ್ತವನ್ನು ಟ್ಯೂಬಿನ ತಳಕ್ಕೇ ಬಿಡಿ. ಗೋಡೆಗೆ ಅಂಟಿದ ಹನಿಗೆ ಬಣ್ಣ ತಾಗುವುದಿಲ್ಲ, ಆಮೇಲೆ ದ್ರಾವಣದ ಜೊತೆ ಕೆಳಗಿಳಿದು ಎಣಿಕೆಯಲ್ಲಿ ಸೇರಿಕೊಳ್ಳುತ್ತದೆ. ನಂಜೇರಿದವರಲ್ಲಿ ಸಿಡಿ14 ಕೂಡ ಮಂಕಾಗುವುದರಿಂದ ಗೇಟ್ (ಯಾವ ಕೋಶ ಎಣಿಸಬೇಕೆಂದು ತೆರೆಯ ಮೇಲೆ ಎಳೆಯುವ ಗಡಿ) ಬಿಗಿಯಾಗಿ ಎಳೆದರೆ ನಮಗೆ ಬೇಕಾದ ಕೋಶಗಳೇ ಆಚೆ ಉಳಿಯುತ್ತವೆ. ಹೊಳಪಿನ ಅಂಕಿಯನ್ನು ಹಾಗೇ ಬರೆಯಬೇಡಿ. ಹೊಳಪು ಮೊದಲೇ ಗೊತ್ತಿರುವ ಬೀಡ್ಸ್ (ಸಣ್ಣ ಮಣಿಗಳು) ಓಡಿಸಿ ಕೋಶವೊಂದಕ್ಕೆ ಎಷ್ಟು ಪ್ರತಿಕಾಯ ಎಂದು ಬದಲಿಸಿಕೊಳ್ಳಿ. 15,000ದ ಮೇಲಿದ್ದರೆ ಸರಿ, 8,000ಕ್ಕಿಂತ ಕೆಳಗೆ ಸೋಲು, 5,000ಕ್ಕಿಂತ ಕೆಳಗೆ ಪೂರ್ತಿ ನೆಲಕಚ್ಚಿದ ಹಾಗೆ.

ಟಿಎನ್‌ಎಫ್‌ಗೆ ಹೆಪಾರಿನ್ ಟ್ಯೂಬೇ ಬೇಕು, ಇಡಿಟಿಎ ಕೋಶ ಕೆರಳಲು ಬೇಕಾದ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಮಿಲಿಲೀಟರಿಗೆ 500 ಪಿಕೋಗ್ರಾಂ ಎಲ್‌ಪಿಎಸ್ ಇರುವ ದ್ರಾವಣಕ್ಕೆ 50 ಮೈಕ್ರೋಲೀಟರ್ ರಕ್ತ, 37 ಡಿಗ್ರಿಯಲ್ಲಿ 4 ಗಂಟೆ, ಆಮೇಲೆ ಸೆಂಟ್ರಿಫ್ಯೂಜಿನಲ್ಲಿ 1000 ಜಿ (ಗುರುತ್ವದ ಸಾವಿರ ಪಟ್ಟು) ಬಲದಲ್ಲಿ 5 ನಿಮಿಷ ತಿರುಗಿಸಿ ಮೇಲಿನ ತಿಳಿಯನ್ನು ಮೈನಸ್ 80ಕ್ಕೆ. ಎಲ್‌ಪಿಎಸ್ ಟ್ಯೂಬಿನ ಗೋಡೆಗೆ ಕಚ್ಚುವ ವಸ್ತು. ಚೆನ್ನಾಗಿ ವೋರ್ಟೆಕ್ಸ್ ಯಂತ್ರದಲ್ಲಿ ಅಲುಗಿಸದೆ ತೆಳುವಾಗಿಸಿದರೆ ಪ್ರಮಾಣ ಕೈಕೊಡುತ್ತದೆ. ಎಲ್‌ಪಿಎಸ್ ಹಾಕದ ಟ್ಯೂಬಿನಲ್ಲೂ ಟಿಎನ್‌ಎಫ್ ಬಂತೋ, ಗಾಜಿನ ಸಾಮಾನಿನ ಮೇಲೆ ಅನುಮಾನ ಇಡಿ. ಆಟೋಕ್ಲೇವ್ ಬ್ಯಾಕ್ಟೀರಿಯಾ ಕೊಲ್ಲುತ್ತದೆಯೇ ಹೊರತು ಎಂಡೋಟಾಕ್ಸಿನ್ (ಇದೇ ಎಲ್‌ಪಿಎಸ್) ಸುಡುವುದಿಲ್ಲ. ಅದಕ್ಕೆ 250 ಡಿಗ್ರಿ ಒಣಶಾಖ, ಅರ್ಧ ಗಂಟೆ. ಆಪರೇಷನ್ ಆದವರಲ್ಲಿ ಮೊನೊಸೈಟ್ ಸಂಖ್ಯೆಯೂ ಏರುವುದರಿಂದ, ಬಂದ ಟಿಎನ್‌ಎಫ್ ಅನ್ನು ಆ ಸಂಖ್ಯೆಯಿಂದ ಭಾಗಿಸಿಯೂ ನೋಡಬೇಕು.

ಅನಸ್ತೀಸಿಯಾ ಚಾರ್ಟ್ ಓದದೆ ಯಾವ ಅಂಕಿಯನ್ನೂ ನಂಬಬೇಡಿ. ವಾಂತಿ ತಡೆಯಲು ಕೊಟ್ಟ 8 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಎರಡೂ ಪರೀಕ್ಷೆಗಳನ್ನು ತಗ್ಗಿಸಬಲ್ಲದು.

ರೋಗಿ ಐದಾರು ದಿನಕ್ಕೆ ಮನೆಗೆ ಹೋಗುತ್ತಾರೆ, ಕೀವು ಹತ್ತನೇ ದಿನ ಕಾಣಿಸಬಹುದು. ಹೊಟ್ಟೆಯ ಆಪರೇಷನ್ ಆದರೆ 30 ದಿನ, ಮಂಡಿ ಕೀಲು ಬದಲಿಸಿದ್ದರೆ (ಆಳದ ನಂಜಿಗೆ) 90 ದಿನದವರೆಗೆ ಬಂದ ಗಾಯದ ನಂಜು ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಫೋನ್ ಮಾಡಬೇಕು. "ಹೇಗಿದ್ದೀರಿ" ಎಂದರೆ "ಆರಾಮ್ ಇದ್ದೀನಿ" ಅಂತಲೇ ಉತ್ತರ ಬರುತ್ತದೆ. "ಹೊಲಿಗೆ ಹತ್ರ ಬಟ್ಟೆ ಒದ್ದೆಯಾಗುತ್ತಾ?" ಎಂದು ಕೇಳಿ.