ಕೋಲ್ಕತ್ತದ ಜಾದುಘರ್‌ನಲ್ಲಿ ಒಂದು ಪದ ಓದಿದೆ

ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂಗೆ ನಾನು ಎರಡು ಸಲ ಹೋಗಿದ್ದೇನೆ. ಊರಿನವರು ಅದನ್ನು ಪ್ರೀತಿಯಿಂದ ಜಾದುಘರ್ ಅಂತಾರೆ. ಮೊದಲ ಸಲ ಎಲ್ಲವನ್ನೂ ನೋಡಲು ಹೋದೆ. ಈಜಿಪ್ಟಿನ ಮಮ್ಮಿ, ಉಲ್ಕೆಯ ಕಲ್ಲುಗಳು, ದೊಡ್ಡ ದೊಡ್ಡ ಪ್ರಾಣಿಗಳ ಎಲುಬು. ಹೊರಗೆ ಬಂದಾಗ ಕಾಲು ಸೋತಿತ್ತು, ಮನಸ್ಸಿನಲ್ಲಿ ಏನೂ ನಿಂತಿರಲಿಲ್ಲ.

ಎರಡನೇ ಸಲ ಹೋಗುವಾಗ ಭಾರ್ಹುತ್ ಎಂಬ ಹಳ್ಳಿಯ ಹಳೆಯ ಬೌದ್ಧ ಸ್ತೂಪದ ಕಲ್ಲುಗಳನ್ನಿಟ್ಟ ಗ್ಯಾಲರಿ ಒಂದನ್ನೇ ನೋಡುವುದು ಅಂತ ಗಟ್ಟಿ ಮಾಡಿಕೊಂಡೆ. ಅದಕ್ಕೂ ಮುಂಚೆ ಒಂದು ವಾರ ದಿನಾ ಸಂಜೆ ಕೂತು ಬ್ರಾಹ್ಮಿ ಅಕ್ಷರ, ಅಂದರೆ ಆ ಕಲ್ಲುಗಳ ಮೇಲಿರುವ ಹಳೆಯ ಲಿಪಿ, ಬರೆದು ಕಲಿತೆ. ಅಂದುಕೊಂಡಷ್ಟು ಕಷ್ಟ ಇಲ್ಲ. ಲೆಕ್ಕದ ಕೂಡುವ ಗುರುತೇ ‘ಕ’. ಅಡ್ಡಗೆರೆಯ ಮೇಲೆ ಒಂದು ಉದ್ದಗೆರೆ ನಿಲ್ಲಿಸಿದರೆ ‘ನ’. ಅನುಸ್ವಾರಕ್ಕೆ ಒಂದು ಚುಕ್ಕಿ. ನಮ್ಮ ಕನ್ನಡ ಲಿಪಿ ಬೆಳೆದು ಬಂದದ್ದೂ ಇದೇ ಬೇರಿನಿಂದ ಅಲ್ವಾ?

ಸೋಮವಾರ ರಜೆ. ನಾನು ಮಂಗಳವಾರ ಪಾರ್ಕ್ ಸ್ಟ್ರೀಟ್ ಮೆಟ್ರೋದಲ್ಲಿ ಇಳಿದು, ಬಾಗಿಲು ತೆಗೆಯುವ ಹೊತ್ತಿಗೆ ನಡೆದು ಹೋದೆ. ಏಷ್ಯಾಟಿಕ್ ಸೊಸೈಟಿ 1814ರಲ್ಲಿ ಶುರು ಮಾಡಿದ ಸಂಗ್ರಹ ಇದು. ಈಗಿನ ಬಿಳಿ ಕಟ್ಟಡ ಜನರಿಗೆ ತೆರೆದದ್ದು 1878ರಲ್ಲಿ. ವಾಲ್ಟರ್ ಗ್ರಾನ್‌ವಿಲ್ ನಕ್ಷೆ ಹಾಕಿದ್ದು. ಅಲ್ಲಿನ ಹೈಕೋರ್ಟ್ ಕಟ್ಟಡವೂ ಅವನದೇ. ನಡುವೆ ಹಸಿರು ಅಂಗಳ, ಸುತ್ತ ಎತ್ತರದ ಕಂಬಗಳ ಜಗಲಿ. ನನಗೆ ನಮ್ಮ ತೊಟ್ಟಿಮನೆ ನೆನಪಾಯಿತು.

ಭಾರ್ಹುತ್ ಗ್ಯಾಲರಿ ಇರುವುದು ನೆಲಮಹಡಿಯಲ್ಲಿ. ಮಧ್ಯಪ್ರದೇಶದ ಆ ಹಳ್ಳಿಯಲ್ಲಿ 1873ರಲ್ಲಿ ಪುರಾತತ್ವ ತಜ್ಞ ಕನ್ನಿಂಗ್‌ಹ್ಯಾಮ್ ಈ ಸ್ತೂಪ ಕಂಡಾಗ, ಎಷ್ಟೋ ಕಲ್ಲುಗಳನ್ನು ಜನ ಮನೆ ಕಟ್ಟಲು ಒಯ್ದಿದ್ದರು. ಉಳಿದ ಕಟಾಂಜನದ ಕಂಬಗಳೂ ತೋರಣದ ಕಲ್ಲುಗಳೂ ಇಲ್ಲಿಗೆ ಬಂದವು. ಕೆಂಪು ಕಲ್ಲು, ಎರಡು ಸಾವಿರ ವರ್ಷ ದಾಟಿದ ಕೆತ್ತನೆ.

ಒಂದು ಚಿತ್ರದ ಮುಂದೆ ಜಾಸ್ತಿ ಹೊತ್ತು ನಿಂತೆ. ಅನಾಥಪಿಂಡಿಕ ಎಂಬ ವ್ಯಾಪಾರಿ ಬುದ್ಧನಿಗಾಗಿ ಜೇತವನ ಕೊಂಡ ಕತೆ. ನೆಲ ಮುಚ್ಚುವಷ್ಟು ಹಣ ಹಾಸಿದರೆ ತೋಟ ಕೊಡುತ್ತೇನೆ ಅಂದಿದ್ದ ಅದರ ಒಡೆಯ. ಕಲ್ಲಿನಲ್ಲಿ ಗಾಡಿಯ ನೊಗ ಬಿಚ್ಚಿದೆ, ಎತ್ತುಗಳು ಸುಮ್ನೆ ಮಲಗಿವೆ. ಇಬ್ಬರು ಕೂತು ನಾಣ್ಯ ಜೋಡಿಸುತ್ತಿದ್ದಾರೆ. ನಾಣ್ಯಗಳು ದುಂಡಗಿಲ್ಲ, ಚೌಕ. ಆ ಕಾಲದ ಮುದ್ರೆಯೊತ್ತಿದ ಎಷ್ಟೋ ನಾಣ್ಯ ಹಾಗೇ ಇರುತ್ತಿದ್ದವು. ನಡುವೆ ವ್ಯಾಪಾರಿ ಗಿಂಡಿ ಹಿಡಿದು ನಿಂತಿದ್ದಾನೆ, ಧಾರೆ ಎರೆಯಲು. ನಮ್ಮ ಮದುವೆ ಮಂಟಪದಲ್ಲಿ ನೋಡಿದ ಅದೇ ಕೈ, ಅದೇ ನೀರು. ಮೈ ಜುಮ್ಮೆಂದಿತು.

ಆಮೇಲೆ ಕಂಬಗಳ ಮೇಲಿನ ಬರಹ ಹುಡುಕಿದೆ. ದಾನ ಕೊಟ್ಟವರ ಹೆಸರು, ಕೊನೆಗೆ ‘ದಾನಂ’. ಸಾಂಚಿಯ ಇಂಥದೇ ಸಣ್ಣ ಬರಹಗಳ ಕೊನೆಯಲ್ಲಿ ಅವೇ ಎರಡು ಅಕ್ಷರ ಮತ್ತೆ ಮತ್ತೆ ಬರುವುದನ್ನು ಗಮನಿಸಿ, 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ಇಂಗ್ಲಿಷ್ ವಿದ್ವಾಂಸ ಈ ಲಿಪಿಯ ಬೀಗ ತೆಗೆದ. ಅವನು ಈ ಕೆಲಸ ಮಾಡಿದ್ದು ಇದೇ ಊರಿನಲ್ಲಿ. ನಾನೂ ಮೊದಲು ‘ನ’ ಗುರುತು ಹಿಡಿದೆ. ಪಕ್ಕದಲ್ಲಿ ಚುಕ್ಕಿ. ಹಿಂದೆ ‘ದಾ’. ದಾ-ನಂ. ಯಾರ ಸಹಾಯವೂ ಇಲ್ಲದೆ ಓದಿದೆ! ಕಣ್ಣು ತುಂಬಿ ಬಂತು.

ನಮ್ಮ ಕಲಬುರಗಿ ಜಿಲ್ಲೆಯ ಕನಗನಹಳ್ಳಿಯ ಸ್ತೂಪದಲ್ಲೂ ಕೆತ್ತನೆಗಳ ಜೊತೆ ಹೀಗೇ ಹೆಸರು ಬರೆದಿದ್ದಾರೆ. ಅಲ್ಲಿ ಅಶೋಕನ ಚಿತ್ರದ ಮೇಲೆ ‘ರಾಯಾ ಅಸೋಕೋ’ ಅಂತ ಇದೆ. ಬರುವ ಚಳಿಗಾಲದಲ್ಲಿ ಅಲ್ಲಿಗೆ ಹೊರಟಿದ್ದೇನೆ. ಈಗ ‘ರ’, ‘ಯ’, ‘ಸ’ ಬರೆದು ಕಲಿಯುತ್ತಿದ್ದೇನೆ.